ಜಲ್ಲಿ ಬೀಳದ ಅಂಚು

“ಅರ್ಧ ರಸ್ತೆಗೆ ಜಲ್ಲಿ ಹಾಕಿ ಪೂರ್ತಿ ಹಾಕ್ದೆ ಅನ್ನೋ ಮನುಷ್ಯ ಕಣೇ ಆ ತಾನೇಲಿ! ಸುಮ್ನೆ ಬಿಡ್ಬೇಡ ರೀಕ್ಕ, ಮುಖದ ಮೇಲೇ ಕೇಳು!”

ಪಕ್ಕದ ಮನೆಯ ಕೆರ್ತು ಬೇಲಿಯಾಚೆಯಿಂದ ಹೇಳಿ ಮುಗಿಸುವಷ್ಟರಲ್ಲಿ ರೀಕ್ಕ ರಸ್ತೆಯ ನಡುವೆ ಹೋಗಿ ನಿಂತಾಗಿತ್ತು.

ತಿರುವಿನಲ್ಲಿ ಟ್ರ್ಯಾಕ್ಟರಿನ ಹಳದಿ ದೀಪ ಕಾಣಿಸಿತು. ಮುಂದೆ ಹಿಮ ತಳ್ಳುವ ಉಕ್ಕಿನ ಅಲಗು, ಹಿಂದೆ ಕಾಲು ಜಾರದಂತೆ ಮಂಜುಗಡ್ಡೆಯ ಮೇಲೆ ಜಲ್ಲಿ ಚೆಲ್ಲುವ ಪೆಟ್ಟಿಗೆ. ಅವಳನ್ನು ಕಂಡು ಅದು ಕಿರ್ರೆಂದು ನಿಂತಿತು.

“ರೀ! ಇಳೀರಿ ಕೆಳಗೆ!”

ಇಳಿದವನ ರೆಪ್ಪೆಗಳ ಮೇಲೆ ಮಂಜು ಕಟ್ಟಿತ್ತು. ಕಣ್ಣು ಮಾತ್ರ ಬೆಚ್ಚಗಿದ್ದವು.

ಅಯ್ಯೋ... ಇವನೇನಾ ತಾನೇಲಿ!

ನಮ್ಮೂರು ಹೌಕಿಲಾದಲ್ಲಿ ಹಿಮ ತಳ್ಳುವ ಗಾಡಿ ಹೋದ ಮೇಲೆ ಪ್ರತಿ ಮನೆಯ ಅಂಗಳದ ಬಾಯಿಗೂ ಮೊಣಕಾಲೆತ್ತರ ಹಿಮದ ಒಡ್ಡು ಬಿದ್ದಿರುತ್ತದೆ. ಎಲ್ಲರೂ ಬೈಯುತ್ತಲೇ ಸಲಿಕೆ ಹಿಡಿಯುತ್ತಾರೆ. ರೀಕ್ಕಳ ಮನೆಯ ಬಾಯಿಯಲ್ಲಿ ಮಾತ್ರ ಈ ಚಳಿಗಾಲ ಒಂದು ದಿನವೂ ಒಡ್ಡು ಇರಲಿಲ್ಲ. ಯಾರೋ ಕತ್ತಲಲ್ಲೇ ಇಳಿದು, ಸಲಿಕೆಯಿಂದ ತೆಗೆದು, ಜಲ್ಲಿಯನ್ನೂ ಎರಚಿ ಹೋಗುತ್ತಿದ್ದರು.

ಅದಕ್ಕೇ ಅವಳು ಬೆಳಗ್ಗೆ ಆರಕ್ಕೆ ಶಾಲೆಯ ಅಡುಗೆಮನೆಗೆ ಹೊರಡುವಾಗ ಅಂಚೆಪೆಟ್ಟಿಗೆಯ ಮೇಲೆ ಒಂದು ಫ್ಲಾಸ್ಕ್ ಕಾಫಿ ಇಟ್ಟು ಹೋಗುತ್ತಿದ್ದಳು. ಸಂಜೆ ಬಂದರೆ ತೊಳೆದ ಫ್ಲಾಸ್ಕ್, ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ಏಲಕ್ಕಿ ಬನ್. ಚೀಟಿ ಇಲ್ಲ, ಮಾತಿಲ್ಲ. ಎರಡೂವರೆ ತಿಂಗಳು ಹೀಗೇ ನಡೆದಿತ್ತು! ಮುಖ ನೋಡದವನ ಬಗ್ಗೆ ಅವಳು ಏನೇನೋ ಕನಸು ಕಂಡಿದ್ದಳು.

ಈಗ ಆ ಮುಖ ಎದುರಿಗಿತ್ತು. ಮೈಯೆಲ್ಲಾ ಸಿಟ್ಟು.

“ನೋಡಿ ಇಲ್ಲಿ! ಆ ಕಡೆಯೆಲ್ಲಾ ಜಲ್ಲಿ, ಈ ಅಂಚಿಗೆ ಒಂದು ಕಲ್ಲೂ ಇಲ್ಲ. ಎರಡು ಮೊಳ ಅಗಲ, ಗಾಜಿನ ಹಾಗೆ! ನಿನ್ನೆ ನನ್ನಮ್ಮ ಇಲ್ಲೇ ಬಿದ್ದಿದ್ದು. ಸೊಂಟ ಮುರಿದಿದೆ!”

ತಾನೇಲಿಯ ಮುಖ ಹಿಮಕ್ಕಿಂತ ಬಿಳುಪಾಯಿತು.

“ಐಲಿ ಅಜ್ಜಿ...? ಅವರು... ನಡ್ಕೊಂಡು ಹೋಗ್ತಿದ್ರಾ?”

“ಮತ್ತೇನು, ಹಾರ್ಕೊಂಡು ಹೋಗ್ತಾರಾ!”

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

“ತಪ್ಪು ನಂದೇ.”

ರೀಕ್ಕ ಬೆಚ್ಚಿದಳು. ಜಗಳಕ್ಕೆಂದೇ ಬಂದಿದ್ದಳು ಅವಳು. ಜಲ್ಲಿ ಸಾಲಲಿಲ್ಲ, ಪೆಟ್ಟಿಗೆ ಕೆಟ್ಟಿತ್ತು, ಏನಾದರೊಂದು ನೆಪ ಹೇಳಬಾರದೇ ಇವನು!

“ಅಷ್ಟೇನಾ? ಬೇಕಂತಲೇ ಬಿಟ್ರಾ?”

“ಹೂಂ. ಬೇಕಂತಲೇ.”

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ದಿನಾ ನನ್ನ ಕಾಫಿ ಕುಡಿದವನು... ಇಷ್ಟು ಕಲ್ಲು ಮನಸ್ಸಿನವನಾ?

“ಶನಿವಾರ ರಸ್ತೆ ಸಂಘದ ಸಭೆ ಇದೆ,” ಎಂದಳು. “ನಿಮ್ಮನ್ನ ಈ ರಸ್ತೆಯಿಂದ ತೆಗೆಸದಿದ್ರೆ ನಾನು ಐಲಿಯ ಮಗಳೇ ಅಲ್ಲ!”

ಅವನು ತಲೆಯಾಡಿಸಿ ಟ್ರ್ಯಾಕ್ಟರ್ ಹತ್ತಿದ.

ಹನ್ನೊಂದು ಮನೆಯವರು ಸೇರಿ ನೋಡಿಕೊಳ್ಳುವ ರಸ್ತೆ ನಮ್ಮದು. ನಾವು ಒಬ್ಬನನ್ನು ಬೇಡವೆಂದರೆ ಅಕ್ಕಪಕ್ಕದ ರಸ್ತೆಯವರೂ ಬೇಡವೆನ್ನುತ್ತಾರೆ. ಆಮೇಲೆ ತಾನೇಲಿ ಟ್ರ್ಯಾಕ್ಟರ್ ಮಾರಿ ದಕ್ಷಿಣದ ಬಂದರಿಗೆ ಕೂಲಿಗೆ ಹೋಗಬೇಕಷ್ಟೇ. ರೀಕ್ಕಳಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಆ ರಾತ್ರಿ ಕೂತು ದೂರು ಬರೆದು ಸಂಘಕ್ಕೆ ಕೊಟ್ಟಳು.

ಅಂಚೆಪೆಟ್ಟಿಗೆಯ ಮೇಲೆ ಫ್ಲಾಸ್ಕ್ ಇಡುವುದು ನಿಂತಿತು. ಆದರೂ ಅಂಗಳದ ಬಾಯಿ ದಿನವೂ ಸ್ವಚ್ಛವಾಗಿರುತ್ತಿತ್ತು! ರಸ್ತೆಯ ಅಂಚಿನಿಂದ ಅಂಚಿಗೆ ಒತ್ತಾಗಿ ಜಲ್ಲಿ. ಅದನ್ನು ನೋಡಿದಾಗಲೆಲ್ಲ ಅವಳು ಅಂಚೆಪೆಟ್ಟಿಗೆಯ ಬಳಿ ಒಂದು ಕ್ಷಣ ನಿಲ್ಲುತ್ತಿದ್ದಳು. ಯಾಕೆಂದು ಅವಳಿಗೇ ತಿಳಿಯದು.

* * *

ಶನಿವಾರ ಬೆಳಗ್ಗೆ, ಸಭೆಗೆ ಮುಂಚೆ, ರೀಕ್ಕ ಕಾಯಾನಿ ಪಟ್ಟಣದ ಆಸ್ಪತ್ರೆಗೆ ಹೋದಳು. ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮ ಮಂಪರಿನಲ್ಲೇ ಇದ್ದಳು. ಇವತ್ತು ದಿಂಬಿಗೆ ಒರಗಿ ಕೂತು ಗಂಜಿಗೆ ಬೆಣ್ಣೆ ಕಡಿಮೆಯೆಂದು ಗೊಣಗುತ್ತಿದ್ದಳು.

“ಅಂಗಳದ ಹಿಮ ಯಾರು ತೆಗೀತಿದಾರೆ ಮಗಳೇ? ತಾನೇಲಿ ತಾನೇ? ಚಿನ್ನದಂಥ ಹುಡುಗ.”

“ಅವನ ಹೆಸರು ಎತ್ತಬೇಡ ಅಮ್ಮ! ಇವತ್ತು ಮಧ್ಯಾಹ್ನ ಅವನನ್ನ ತೆಗೀತಾರೆ. ನಾನೇ ದೂರು ಕೊಟ್ಟಿದೀನಿ.”

ಅಮ್ಮನ ಚಮಚ ಬಟ್ಟಲಿಗೆ ಬಿತ್ತು.

“ಯಾಕೆ?!”

“ಯಾಕಂದ್ರೆ? ಅಂಚಿಗೆ ಜಲ್ಲಿ ಹಾಕ್ದೆ ನಿನ್ನ ಬೀಳಿಸಿದ್ದಕ್ಕೆ!”

“ಅಯ್ಯೋ ದೇವರೇ... ಅಂಚು ಖಾಲಿ ಬಿಡು ಅಂತ ನಾನೇ ಕಣೇ ಹೇಳಿದ್ದು!”

ರೀಕ್ಕ ಹಾಸಿಗೆಯತ್ತ ಬಾಗಿದಳು.

“ಏನಂದೆ?”

“ನನ್ನ ಒದೆಬಂಡಿಗೆ! ಜಲ್ಲಿ ಮೇಲೆ ಅದು ಜಾರುತ್ತಾ?”

ಒದೆಬಂಡಿ... ಮುಂದೆ ಪುಟ್ಟ ಕುರ್ಚಿ, ಅದರ ಬೆನ್ನಿಗೆ ಹಿಡಿ, ಕೆಳಗೆ ಉದ್ದನೆಯ ಎರಡು ಉಕ್ಕಿನ ಪಟ್ಟಿ. ಒಂದು ಕಾಲು ಪಟ್ಟಿಯ ಮೇಲಿಟ್ಟು ಇನ್ನೊಂದರಲ್ಲಿ ಒದೆಯುತ್ತಾ ನಮ್ಮ ಅಜ್ಜಿಯರು ಅಂಗಡಿಗೆ ಜಾರಿ ಹೋಗುತ್ತಾರೆ. ಈ ಚಳಿಗಾಲದ ಮೊದಲಲ್ಲಿ ಅಮ್ಮನಿಗೊಮ್ಮೆ ತಲೆ ಸುತ್ತು ಬಂದಿತ್ತು. ಆಗ ಊರಿಗೆ ಮರಳಿದ ರೀಕ್ಕ ಮೊದಲು ಮಾಡಿದ ಕೆಲಸವೇ ಅದನ್ನು ಕೊಟ್ಟಿಗೆಗೆ ಸೇರಿಸಿದ್ದು.

“ಮುಟ್ಟಬೇಡ ಅಂದಿದ್ನಲ್ಲಮ್ಮಾ!”

“ನೀನು ಶಾಲೆಗೆ ಹೋದ್ಮೇಲೆ ದಿನಾ ತೆಗೀತಿದ್ದೆ,” ಅಮ್ಮ ಕಳ್ಳ ಮಗುವಿನಂತೆ ಹೊದಿಕೆ ಹಿಂಡಿದಳು. “ಮಗಳಿಗೆ ಹೇಳ್ಬಿಡಿ ಅಜ್ಜಿ ಅಂತ ಅವ್ನು ಎಷ್ಟು ಸಲ ಅಂದ! ಯಾರಿಗೂ ಹೇಳಲ್ಲ ಅಂತ ನಾನೇ ಅವನ ಹತ್ರ ಮಾತು ತಗೊಂಡೆ.”

ಯಾರಿಗೂ ಹೇಳಲ್ಲ... ಅದಕ್ಕೇನಾ ‘ತಪ್ಪು ನಂದೇ’ ಅಂದದ್ದು?

ರೀಕ್ಕಳಿಗೆ ಥಟ್ಟನೆ ಅವನ ಆ ವಿಚಿತ್ರ ಪ್ರಶ್ನೆ ನೆನಪಾಯಿತು. ನಡ್ಕೊಂಡು ಹೋಗ್ತಿದ್ರಾ?

“ಅಮ್ಮ... ಸೋಮವಾರ ನೀನು ಬಂಡಿ ತಗೊಂಡಿರ್ಲಿಲ್ವಾ?”

ಅಮ್ಮ ಕಿಟಕಿಯತ್ತ ನೋಡಿದಳು.

“ಭಾನುವಾರ ನೀನು ಕೊಟ್ಟಿಗೆಗೆ ಬೀಗ ಹಾಕಿದ್ಯಲ್ಲೇ...”

ರೀಕ್ಕಳ ಕೈ ಜೇಬಿಗೆ ಹೋಯಿತು. ಹೌದು. ಬಂಡಿಯ ಪಟ್ಟಿಗಳ ಮೇಲೆ ಹಸಿ ಹಿಮ ಕಂಡು ಅನುಮಾನ ಬಂದು, ತಾನೇ ಬೀಗ ಜಡಿದಿದ್ದಳು. ಅದರ ಕೀಲಿ ಈಗಲೂ ಕೋಟಿನ ಜೇಬಿನಲ್ಲಿತ್ತು.

“ಕಾಲು ತಾನಾಗೇ ಆ ಅಂಚಿಗೇ ಹೋಯ್ತು. ಇಷ್ಟು ದಿನದ ಅಭ್ಯಾಸ ನೋಡು. ಹಿಡ್ಕೊಳ್ಳೋಕೆ ಬಂಡಿ ಇರ್ಲಿಲ್ಲ...” ಅಮ್ಮ ಅವಳ ಕೆನ್ನೆ ಸವರಿದಳು. “ಅಳ್ಬೇಡ. ನಾನು ಬಚ್ಚಿಟ್ಟೆ, ನೀನು ಬೀಗ ಹಾಕ್ದೆ. ಆ ಹುಡುಗ ಏನು ಮಾಡಿದ್ದ? ಹೋಗೇ, ಹೋಗು! ಸಭೆ ಎಷ್ಟು ಹೊತ್ತಿಗೆ?”

* * *

ರೀಕ್ಕ ಸಮುದಾಯ ಭವನದ ಬಾಗಿಲು ತಳ್ಳಿದಾಗ ಸಭೆ ನಡೆಸುತ್ತಿದ್ದ ಕೆರ್ತು ಕನ್ನಡಕ ಏರಿಸಿಕೊಂಡು ದೂರಿನ ಕೊನೆಯ ಸಾಲು ಓದುತ್ತಿದ್ದಳು. ತಾನೇಲಿ ಗೋಡೆಗೆ ಆತು ನಿಂತಿದ್ದ.

“ಹೇಳೋದೇನಾದ್ರೂ ಇದೆಯೇನಪ್ಪ?” ಕೆರ್ತು ಕೇಳಿದಳು.

“ಇಲ್ಲ ಅತ್ತೆ.”

“ನನಗಿದೆ!”

ಎಲ್ಲರೂ ತಿರುಗಿದರು. ರೀಕ್ಕ ಏದುಸಿರು ಬಿಡುತ್ತಾ ಬಂದು ಮೇಜಿನ ಮೇಲಿನ ಕಾಫಿ ಲೋಟಗಳ ನಡುವೆ ಒಂದು ಕೀಲಿ ಇಟ್ಟಳು.

“ಆ ಕಾಗದ ಹರಿದು ಹಾಕಿ ಅತ್ತೆ. ಅಮ್ಮನ ಒದೆಬಂಡಿಗೆ ಬೀಗ ಹಾಕಿದ್ದು ನಾನು. ಆ ಅಂಚು ಬಿಡೋಕೆ ಹೇಳಿದ್ದು ನಮ್ಮಮ್ಮ. ಈ ಮನುಷ್ಯ... ಕೊಟ್ಟ ಮಾತಿಗೆ ಬಾಯಿ ಹೊಲ್ಕೊಂಡು ನಿಂತಿದಾನೆ!”

ತಾನೇಲಿ ದಿಗ್ಭ್ರಮೆಯಿಂದ ಅವಳನ್ನೇ ನೋಡುತ್ತಿದ್ದ.

“ಇನ್ನೊಂದು ಮಾತು,” ಅವಳೆಂದಳು. “ಆ ಅಂಚು ಇನ್ಮೇಲೂ ಹಾಗೇ ಇರ್ಲಿ. ಆದ್ರೆ ಕದ್ದು ಅಲ್ಲ. ಉದ್ದಕ್ಕೂ ಕೆಂಪು ಕೋಲು ನೆಡೋಣ. ಕೋಲಿನ ಆಚೆ ಬಂಡಿಯವರು, ಈಚೆ ಜಲ್ಲಿ ಮೇಲೆ ನಡೆಯೋರು. ಯಾರೂ ತಿಳೀದೆ ಕಾಲಿಡೋ ಹಾಗಿರಬಾರದು.”

ಯಾಕೋ ಏನೋ, ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಕೆರ್ತು!

* * *

ಹೊರಗೆ ಸೂರ್ಯ ಆಗಲೇ ಮರಗಳ ತುದಿಗಿಳಿದಿದ್ದ. ಕೋಲುಗಳ ಮೊದಲ ಕಟ್ಟು ಟ್ರ್ಯಾಕ್ಟರಿನಿಂದ ಇಳಿಯಿತು. ತಾನೇಲಿ ಕಬ್ಬಿಣದ ಸರಳಿನಿಂದ ಹಿಮದಲ್ಲಿ ತೂತು ಮಾಡಿದ, ರೀಕ್ಕ ಕೋಲು ನೆಟ್ಟಳು. ಹೀಗೇ ನಾಲ್ಕು ಕೋಲು ನೆಟ್ಟಾಯಿತು.

“ಅಷ್ಟು ಬೈದೆ... ಒಂದು ಮಾತು ಹೇಳ್ಬಾರದಿತ್ತಾ?” ಅವಳ ಕಣ್ಣು ತುಂಬಿತು.

“ನಡ್ಕೊಂಡು ಹೋಗ್ತಾ ಬಿದ್ರು ಅಂದ್ರಲ್ಲ. ಬಂಡಿಗೆ ಅಂತ ಬಿಟ್ಟಿದ್ದು, ಯಾರಾದ್ರೂ ನಡೀಬಹುದು ಅಂತ ನನಗೆ ತೋಚ್ಬೇಕಿತ್ತು. ನಾಲ್ಕು ದಿನ ನಿದ್ದೆ ಬಂದಿಲ್ಲ.”

“ಆದ್ರೂ ನಮ್ಮ ಅಂಗಳದ ಹಿಮ ತೆಗೀತಿದ್ರಿ. ಅಮ್ಮ ಮನೇಲಿ ಇರ್ಲಿಲ್ಲ. ಯಾರಿಗೋಸ್ಕರ?”

ಅವನ ಕಿವಿ ಕೆಂಪಾದವು. ಚಳಿಗಿರಬೇಕು!

“ಹೋದ ವರ್ಷ ಅಜ್ಜಿಗೋಸ್ಕರ. ಈ ವರ್ಷ... ಕತ್ತಲಲ್ಲಿ ಫ್ಲಾಸ್ಕ್ ಇಟ್ಟು ಓಡೋಗೋರು ಜಾರಿ ಬೀಳಬಾರದು ಅಂತ.”

ರೀಕ್ಕ ಕೈಯಲ್ಲಿದ್ದ ಕೋಲು ಕೆಳಗಿಟ್ಟಳು.

“ನನ್ನ ನೋಡಿದ್ರಾ?”

“ದಿನಾ. ನೀವು ಶಾಲೆ ತಿರುವು ದಾಟೋವರೆಗೂ ದೀಪ ಆರಿಸಿ ನಿಂತಿರ್ತಿದ್ದೆ.”

“ದೀಪ ಯಾಕೆ ಆರಿಸ್ಬೇಕಿತ್ತು?”

“ನೋಡಿದ್ರೆ ಮಾತಾಡ್ಬೇಕಾಗ್ತಿತ್ತು. ನನಗೆ ಬರಲ್ಲ. ಹಿಮ ತಳ್ಳೋದು ಬರುತ್ತೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕೈಗವಸು ಕಳಚಿ ಅವನ ತಣ್ಣನೆಯ ಬೆರಳು ಹಿಡಿದಳು.

“ನಾಳೆಯಿಂದ ಫ್ಲಾಸ್ಕ್ ಇಡಲ್ಲ ತಾನೇಲಿ.”

ಅವನ ಮುಖ ಕಂದಿತು. “ಸರಿ...”

“ದಡ್ಡ! ಟ್ರ್ಯಾಕ್ಟರ್ ನಿಲ್ಸಿ ಒಳಗೆ ಬಾ. ಬಿಸಿಬಿಸಿ ಕೊಡ್ತೀನಿ. ಬನ್ ನೀನೇ ತರ್ಬೇಕು.”

“ಎಷ್ಟು ದಿನ?”

“ಹಿಮ ಕರಗೋವರೆಗೆ.”

“ಆಮೇಲೆ?”

“ಆಮೇಲೆ ಮತ್ತೆ ಬೀಳುತ್ತಲ್ಲ!”

ಅವನು ಅವಳ ಕೈಯನ್ನು ಎರಡೂ ಅಂಗೈಗಳ ನಡುವೆ ಮುಚ್ಚಿಕೊಂಡ.

ಅಷ್ಟರಲ್ಲಿ ಹಿಂದಿನಿಂದ ಸರ್ರೆಂಬ ಸದ್ದು. ತಲೆಗೆ ಉಣ್ಣೆಯ ವಸ್ತ್ರ ಬಿಗಿದ ಕೆರ್ತು, ನಾಲ್ಕು ಕೋಲುಗಳಾಚೆಯ ಹೊಸದಾಗಿ ಜಲ್ಲಿ ಕೆರೆದು ತೆಗೆದ ಅಂಚಿನ ಮೇಲೆ, ಇಷ್ಟು ವರ್ಷ ಯಾರಿಗೂ ತೋರಿಸದ ಹಸಿರು ಬಣ್ಣದ ಒದೆಬಂಡಿಯಲ್ಲಿ, ಇಬ್ಬರನ್ನೂ ಕಾಣದವಳಂತೆ ಜಾರಿಕೊಂಡು ಹೋದಳು.