ಹನ್ನೆರಡು ನಿಮಿಷ ಅಲುಗದ ಚಿತ್ರ

"ನನ್ನಮ್ಮನ್ನ ಕೊಂದದ್ದು ಆ ನರ್ಸು. ಸಾಕ್ಷಿ ಹುಡುಕಿಕೊಡಿ," ಎಂದಳು ಕೆಳಮನೆಯ ಲಾಂಡ್ರಿಯಾಕೆ. ತಾಯಿ ಮಂಚದಿಂದ ಬಿದ್ದು ಸತ್ತು ಒಂಬತ್ತು ದಿನವಾಗಿತ್ತು.

ನನ್ನ ಭಾವ ಮೂವತ್ತು ವರ್ಷ ಟೆಲಿಫೋನ್ ರಿಪೇರಿ ಮಾಡಿ ನಿವೃತ್ತರಾದವರು. ನಮ್ಮ ಕಟ್ಟಡದಲ್ಲಿ ಏನು ಕೆಟ್ಟರೂ ಏನು ಕಳೆದರೂ ಜನ ಮೊದಲು ತಟ್ಟುವುದು ಅವರ ಬಾಗಿಲು. ಅವರ ಚೀಲ ಹೊರುವವನು ನಾನು.

ಸತ್ತಾಕೆಯ ಈ ಮಗಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ತಾಯಿಯ ಕೋಣೆಯ ಕ್ಯಾಮೆರಾವನ್ನು ಮೊಬೈಲಿನಲ್ಲಿ ನೋಡುತ್ತಿದ್ದಳಂತೆ. ಲಕ್ವ ಹೊಡೆದ ಮುದುಕಿ ಏಳಲು ಹವಣಿಸಿದರೆ ತಕ್ಷಣ ನರ್ಸಿಗೆ ಫೋನು. ಆದರೆ ಕೆಲವು ಮಧ್ಯಾಹ್ನ ಮನೆಗೆ ಇಂಟರ್ನೆಟ್ ಕೊಡುವ, ಸಿಮ್ ಹಾಕಿದ ರೂಟರು ಆಮೆಯಾಗಿ, ಚಿತ್ರ ನಿಂತುಬಿಡುತ್ತಿತ್ತು. ಅಂದೂ ಹನ್ನೆರಡು ನಿಮಿಷ ಅಮ್ಮ ನಿದ್ದೆಯಲ್ಲಿರುವುದನ್ನೇ ಮಗಳು ನೋಡಿದ್ದಳು. ಅಮ್ಮ ಆಗಲೇ ನೆಲದ ಮೇಲಿದ್ದರು.

"ಭಾನುವಾರ ನಾನು ಮನೇಲಿದ್ದಾಗ ಒಂದ್ಸಲಾನೂ ನಿಧಾನ ಆಗಿಲ್ಲ. ರೂಟರ್ ಮುಟ್ಟಬೇಡ ಅಂತ ನರ್ಸಿಗೆ ಮೊದಲ ದಿನಾನೇ ಹೇಳಿದ್ದೆ. ಅವಳೇ ಏನೋ ತಿರುವಿದಾಳೆ."

ನರ್ಸನ್ನು ಕಳಿಸಿದ್ದ ಏಜೆನ್ಸಿಗೆ ದೂರು ಕೊಟ್ಟು ಅವಳ ಕೆಲಸ ಕಳೆದಿದ್ದಳು. ಪೊಲೀಸರು ಬರುವುದೊಂದೇ ಬಾಕಿ.

ಭಾವ ಪರೀಕ್ಷೆ ಶುರುಮಾಡಿದರು. ಸಿಗ್ನಲ್ ತುಂಬಿತ್ತು. ಡೇಟಾ ಮುಗಿದಿರಲಿಲ್ಲ. ಹೊರಗಿನವರು ಯಾರೂ ವೈಫೈಗೆ ಕದ್ದು ಸೇರಿಕೊಂಡಿರಲಿಲ್ಲ. ರೂಟರು ಪಶ್ಚಿಮದ ಕಿಟಕಿಯಲ್ಲಿ, ದಪ್ಪ ಬಟ್ಟೆಯ ಗವುಸಿನೊಳಗೆ ಕೂತಿತ್ತು. ಅದರ ದೀಪ ಅಮ್ಮನ ಕಣ್ಣಿಗೆ ಚುಚ್ಚುತ್ತದೆಂದು ಮಗಳು ಹೊಲಿದ ಗವುಸು. ಅದನ್ನು ಯಾವಾಗ ಒಗೆಯುತ್ತೀ ಎಂದು ಭಾವ ಕೇಳಿದರು. ಪ್ರತಿ ಭಾನುವಾರ ಎಂದಳು. ಮೂರು ದಿನ ನಾವು ಕಿಟಕಿಯ ಬಳಿ ಕೂತು ಗಂಟೆಗೊಮ್ಮೆ ವೇಗ ಬರೆದುಕೊಂಡೆವು.

ನಾಲ್ಕನೆಯ ದಿನ ಭಾವ ಮಗಳನ್ನೂ ನರ್ಸನ್ನೂ ಏಜೆನ್ಸಿಯ ಮೇಲ್ವಿಚಾರಕಿಯನ್ನೂ ಅದೇ ಕೋಣೆಯಲ್ಲಿ ಕೂರಿಸಿದರು.

"ಮೈ ಕಾದ್ರೆ ಈ ಯಂತ್ರ ತಾನಾಗೇ ಕೆಲಸ ನಿಧಾನ ಮಾಡತ್ತೆ, ಜ್ವರ ಬಂದವರ ಹಾಗೆ," ಎಂದರು. "ಮೋಡದ ದಿನ ನೆಟ್ಟಗಿತ್ತು. ಬಿಸಿಲಿದ್ದ ಎರಡು ದಿನಾನೂ ಮೂರು ಗಂಟೆಗೆ ಕುಂಟಿತು. ಗವುಸು ತೆಗೆದೆ, ಹತ್ತು ನಿಮಿಷಕ್ಕೆ ಸರಿಹೋಯ್ತು. ಭಾನುವಾರ ಗವುಸು ಹಗ್ಗದ ಮೇಲೆ ಒಣಗ್ತಿರತ್ತೆ. ಅದಕ್ಕೇ ಅವತ್ತು ತೊಂದರೆ ಇಲ್ಲ."

ಮಗಳು ಗವುಸನ್ನು ಕೈಗೆತ್ತಿಕೊಂಡಳು.

"ಬಿಸಿ ಆಗೋದು ನಿನಗೆ ಗೊತ್ತಿರಲಿಲ್ವೇನಮ್ಮಾ?" ಎಂದು ಭಾವ ನರ್ಸನ್ನು ಕೇಳಿದರು.

"ಗೊತ್ತಿತ್ತು. ಬೆರಳು ಸೋಕಿಸಿದ್ರೂ ಕೆಲಸ ಇಲ್ಲ ಅಂದಿದ್ರು ಅಕ್ಕ." ಅವಳು ತಲೆ ತಗ್ಗಿಸಿದಳು. "ಬಚ್ಚಲಲ್ಲಿ ಅಜ್ಜಿಯ ಹಾಸಿಗೆ ಬಟ್ಟೆ ಒಗೀತಿದ್ದೆ. ಫೋನ್ ಬರಲಿಲ್ಲ. ಮಲಗೇ ಇದಾರೆ ಅಂದ್ಕೊಂಡೆ."



"ಹಾಗಾದ್ರೆ ನಾನೇ..." ಎಂದಳು ಮಗಳು.

"ತಪ್ಪು ಬೇರೆ, ಕೊಲೆ ಬೇರೆ, ಮಗಳೇ," ಎಂದರು ಭಾವ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ದೂರು ಹಿಂದಕ್ಕೆ ತಗೊಳ್ಳೋದಾದರೆ ಕಾರಣ ಬರೆದುಕೊಡಬೇಕು ಎಂದು ಮೇಲ್ವಿಚಾರಕಿ ಮೆಲ್ಲಗೆ ಕಾಗದ ಚಾಚಿದಳು. ಮಗಳು ಪೆನ್ನು ತೆಗೆದುಕೊಂಡಳು. 'ಗವುಸು ಹೊಲಿದವಳು ನಾನು' ಎಂದು ಬರೆಯತೊಡಗಿದಳು. ಕಾಗದ ಪೆನ್ನಿನಡಿ ಸರಿದಾಡುತ್ತಿತ್ತು. ನರ್ಸು ಎದ್ದು ಬಂದು, ಕಾಗದ ಜಾರದ ಹಾಗೆ ಅಂಚನ್ನು ಒತ್ತಿ ಹಿಡಿದುಕೊಂಡಳು.