ಗೋಡೆಗೆ ಮುಖ ಮಾಡಿದ ಸ್ಪೀಕರ್

"ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ. ಅದು ಮಾರೂದಲ್ಲ."

ಅಂಗಡಿಯ ಪರಪ್ಪನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ಅಷ್ಟರಲ್ಲೇ ಶ್ರೀಶೈಲ ಕೈ ಚಾಚಿಬಿಟ್ಟಿದ್ದ. ಮುಂಬಯಿಯ ಪರೇಲಿನಲ್ಲಿ, ಗಿರಣಿ ಕೆಲಸಗಾರರ ಹಳೆಯ ಚಾಳಿನ ಮೆಟ್ಟಿಲ ಕೆಳಗಿದ್ದ ಆ ರಿಪೇರಿ ಅಂಗಡಿಯಲ್ಲಿ ಉಳಿದ ಸ್ಪೀಕರುಗಳೆಲ್ಲ ಗಿರಾಕಿಯ ಕಡೆ ಬಾಯಿ ತೆರೆದು ಕೂತಿದ್ದವು. ಮೇಲಿನ ಹಲಗೆಯ ಇದೊಂದು ಮಾತ್ರ ಕೆಂಪು ಬಟ್ಟೆ ಹೊದ್ದು ಗೋಡೆಗೆ ಮುಖ ಮಾಡಿತ್ತು. ಬಟ್ಟೆ ಸರಿಸಿದ ಕೂಡಲೇ ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಎಂಟಿಂಚಿನದು. ಬೆನ್ನಿನ ಮೇಲೆ ಎಂಟು ಓಮ್ ಎಂದು ವಿದ್ಯುತ್ತಿನ ಅಳತೆ ಕೊರೆದಿತ್ತು. ಅವನಿಗೆ ಬೇಕಾಗಿದ್ದೂ ಅದೇ.

ಮನೆಯಲ್ಲಿ ಬಾರಿಸಲೆಂದು ಅವನು ಕೊಂಡಿದ್ದ ಅಗ್ಗದ ಗಿಟಾರ್ ಆಂಪ್, ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ ಗುಯ್‌ಗುಡುತ್ತಿತ್ತು. ಒಳಗಿನ ಸ್ಪೀಕರ್ ಒಂದನ್ನು ಬದಲಿಸಿದರೆ ಅದೇ ಡಬ್ಬಿ ಹಾಡುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದ್ದ. ಹಳೆಯ ಕಾಲದ ಕಾಗದದ ಕೋನ್ ಇರುವ ಸ್ಪೀಕರ್ ಸಿಕ್ಕರಂತೂ ಕೇಳುವುದೇ ಬೇಡ.

"ಯಾಕ್ರೀ, ಇದಕ್ಕೇನಾಗೇದ?"

ಪರಪ್ಪ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ. "ಮುರಿಗೆಪ್ಪ ಅಂತ ಇದ್ದ, ಇದೇ ಚಾಳನ್ಯಾಗ. ಗಿರಣಿ ಕೆಲಸ, ಸಂಜಿಕೆ ಹಾಡಿನ ಪಾರ್ಟಿ. ಅವನ ತಂಡ ಬಿಟ್ಟು ಹೋದ ಹೆಣ್ಣಮಗಳ ಮ್ಯಾಲೆ ಹಟ ಹಿಡದು ಮಾಟ ಮಾಡಿಸಿದ. ಆಕಿ ಕೂದಲಾ ತಂದು ಇದರ ಒಳಗಿನ ತಂತಿ ಜೋಡಿ ಸುತ್ತಿಸಿದ. ಆಕಿ ಸಾಯೂತನಕ ಮೂಕಿ ಆದ್ಲು. ಆಕಿ ದನಿ ಎಂದೋ ತೀರೇತಿ. ಇದರ ಹಸಿವಿ ತೀರಿಲ್ಲ. ಇದರ ಜೋಡಿ ಯಾರು ದನಿ ಕೂಡಸ್ತಾರೋ, ಅವರದನ್ನ ನುಂಗತೈತಿ."

ಶ್ರೀಶೈಲನಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ನಮ್ಮ ಬ್ಯಾಂಕಿನ ಮ್ಯಾನೇಜರ್ ಮುಂದ ಇಡೂಣಲ್ರಿ!"

ಪರಪ್ಪ ನಗಲಿಲ್ಲ. ಮಂಗಳವಾರ ಬೇರೆ ಸ್ಪೀಕರ್ ತರಿಸಿಕೊಡುವುದಾಗಿ ಹೇಳಿ, ಅವನ ಫೋನ್ ನಂಬರು ಬರೆದುಕೊಂಡು, ಬಟ್ಟೆಯನ್ನು ಮತ್ತೆ ಹೊದಿಸಿ, ಕೊಡ ಹಿಡಿದು ಹಿಂದಿನ ನಲ್ಲಿಗೆ ಹೋದ. ಅವನು ಮರಳುವಷ್ಟರಲ್ಲಿ ಶ್ರೀಶೈಲ ಆ ಸ್ಪೀಕರನ್ನು ಬ್ಯಾಗಿಗೆ ಹಾಕಿ ಹೆಗಲಿಗೇರಿಸಿ ಘಾಟ್ಕೋಪರಿನ ಮನೆಗೆ ಲೋಕಲ್ ರೈಲು ಹಿಡಿದಾಗಿತ್ತು. ಇದು ಕಳವಲ್ಲ, ಬಾರಿಸಿ ನೋಡಿ ಎರಡು ದಿನದಲ್ಲಿ ಕೊಟ್ಟರಾಯಿತು ಎಂದು ದಾದರ್ ಬರುವಷ್ಟರಲ್ಲಿ ತನಗೆ ತಾನೇ ಮೂರು ಸಲ ಹೇಳಿಕೊಂಡ.

ಅವನು ಮುಂಬಯಿಗೆ ಬಂದು ನಾಲ್ಕು ತಿಂಗಳಷ್ಟೇ ಆಗಿತ್ತು. ಮದುವೆಯಾದ ಮೇಲೆ ಎರಡು ವರ್ಷ ಅವನು ವಿಜಯಪುರದ ಬ್ಯಾಂಕಿನಲ್ಲಿ, ಹೆಂಡತಿ ಲಾವಣ್ಯಾ ಇಲ್ಲಿ. ಧಾರವಾಡದ ಹುಡುಗಿ. ಹಿಂದಿ ಧಾರಾವಾಹಿಗಳು ಕನ್ನಡಕ್ಕೆ ಬರುವಾಗ ಅವುಗಳ ನಾಯಕಿಯರಿಗೆ ಅಂಧೇರಿಯ ಸ್ಟುಡಿಯೋದಲ್ಲಿ ದನಿ ಕೊಡುವುದು ಅವಳ ಕೆಲಸ. ಆ ಎರಡು ವರ್ಷ ಶ್ರೀಶೈಲ ಸಂಸಾರ ಮಾಡಿದ್ದೇ ಅವಳ ದನಿಯೊಡನೆ, ಫೋನಿನಲ್ಲಿ.

ಶನಿವಾರ ಮಧ್ಯಾಹ್ನ ಆಂಪಿನ ಬೆನ್ನು ಬಿಚ್ಚಿದ. ಎರಡು ತಂತಿ, ನಾಲ್ಕು ತಿರುಪು. ಹಳೆಯದನ್ನು ತೆಗೆದು ಇದನ್ನು ಕೂರಿಸಿ, ಬೆಸುಗೆ ಹಾಕಿ, ಗಿಟಾರ್ ಜೋಡಿಸಿದ. ಮೊದಲ ತಂತಿ ಮೀಟಿದಾಗ ಅವನ ಕೈ ತಾನಾಗಿ ನಿಂತುಹೋಯಿತು. ಸ್ವರ ತುಂಬಿಕೊಂಡು ಎದ್ದಿತು, ಬೆಚ್ಚಗೆ, ಉಸಿರಿದ್ದ ಹಾಗೆ. ಮೆಲ್ಲಗೆ ಇಟ್ಟರೂ ನಡುಮನೆಯ ಮೂಲೆಮೂಲೆಗೆ ಹರಿಯಿತು.

ಸಂಜೆ ಮೆಟ್ರೋ ಇಳಿದು ಬಂದ ಲಾವಣ್ಯಾ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. "ಅಯ್ಯ, ಅದೇ ಡಬ್ಬಿ ಏನಿದು?" ಎಂದು ನಗುತ್ತ ಬಂದು ಆಂಪಿನ ಪಕ್ಕ ನೆಲದ ಮೇಲೆ ಕೂತು, ಅವನ ಸ್ವರಕ್ಕೆ ಮೆಲ್ಲಗೆ ತನ್ನ ದನಿ ಕೂಡಿಸಿದಳು.

ಶ್ರೀಶೈಲನಿಗೆ ಪರಪ್ಪನ ಮಾತು ನೆನಪಾಯಿತು. ಬೇಡ ಅನ್ನಬೇಕೆಂದು ಬಾಯಿ ತೆರೆದ. ಬ್ಯಾಂಕಿನ ಆಫೀಸರನಾದ ತಾನು ಹೆಂಡತಿಯೆದುರು ಮಾಟದ ಮಾತು ಆಡುವುದು ಹೇಗೆ? ನಾಚಿಕೆಯಾಯಿತು. ಬಾರಿಸುತ್ತಲೇ ಇದ್ದ.

ಸೋಮವಾರ ಅವಳ ಗಂಟಲು ಕಟ್ಟಿತು. ಬುಧವಾರ ಮಾತು ಒಣ ಎಲೆಯ ಹಾಗೆ ಸರಸರ ಎಂದಿತು. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ಎಲ್ಲ ಸರಿಯಿದೆ, ಮಾತು ಕಮ್ಮಿ ಮಾಡಿ, ವಿಶ್ರಾಂತಿ ತಗೊಳ್ಳಿ ಎಂದರು. ಅವಳು ರಜೆ ಹಾಕಿ, ಅರಿಶಿನದ ಹಾಲು ಕುಡಿದು ಒಳಕೋಣೆಯಲ್ಲಿ ಮಲಗಿದಳು. ಪರಪ್ಪ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಶ್ರೀಶೈಲ ಎತ್ತುತ್ತಿರಲಿಲ್ಲ.

ಗುರುವಾರ ಬ್ಯಾಂಕಿನಿಂದ ಬೇಗ ಬಂದವನು ಒಳಕೋಣೆಯ ಕದ ಮುಂದಕ್ಕೆಳೆದು ಗಿಟಾರ್ ಹಿಡಿದ. ಮೂರನೆಯ ತಂತಿಯನ್ನು ಎಳೆದು ಬಿಟ್ಟಾಗ ಸ್ವರದ ತುದಿಯಲ್ಲಿ ಒಂದು ನಗು ಕೇಳಿತು. ಅರ್ಧಕ್ಕೆ ಉಸಿರೆಳೆದು ನಗುವ ನಗು. ಜಗತ್ತಿನಲ್ಲಿ ಹಾಗೆ ನಗುವವಳು ಒಬ್ಬಳೇ, ಲಾವಣ್ಯಾ. ಮತ್ತೆ ಎಳೆದ. ಮತ್ತೆ ಅದೇ ನಗು. ಸುಟ್ಟ ಕೂದಲಿನ ವಾಸನೆ ಅಂಗೈಗೆ ಅಂಟಿಕೊಂಡಿತು.

ಅವಳ ದನಿ ಎಲ್ಲಿ ಹೋಗುತ್ತಿದೆ ಎಂದು ಆಗ ಅವನಿಗೆ ಗೊತ್ತಾಯಿತು. ಸಂಶಯವಲ್ಲ, ಗೊತ್ತೇ ಆಯಿತು.

ತಿರುಪುಳಿ ಕೈಗೆಟುಕುವಲ್ಲೇ ಇತ್ತು. ಆದರೆ ಆ ಸ್ವರ! ಹದಿನೈದು ವರ್ಷ ಬಾರಿಸಿದರೂ ಅವನ ಬೆರಳಿಗೆ ಒಲಿಯದ ಸ್ವರ. ಇದೊಂದು ಸಲ ಎಂದುಕೊಂಡು ಫೋನಿನಲ್ಲಿ ರೆಕಾರ್ಡು ಮಾಡಿ ಹಳೆಯ ಗೆಳೆಯ ಅಕ್ಷಯನಿಗೆ ಕಳಿಸಿದ. ನಿಮಿಷದಲ್ಲಿ ಉತ್ತರ ಬಂತು. "ದೋಸ್ತ, ಗಿಟಾರ್ ಅಳಾಕತ್ತೇತಿ! ಇನ್ನೊಂದು ಕಳಸು." ಶುಕ್ರವಾರ ಇನ್ನೊಂದು ಕಳಿಸಿದ. ಶನಿವಾರ ಮತ್ತೊಂದು. ಗೋಡೆಯಾಚೆ ಅವಳ ಕೆಮ್ಮು ಸಣ್ಣದಾಗುತ್ತ ಹೋಯಿತು. ಅವನು ಕಿವಿಯನ್ನು ಆಂಪಿನತ್ತ ಇನ್ನಷ್ಟು ಬಾಗಿಸಿದ.

ರವಿವಾರ ಬೆಳಗ್ಗೆ ಸ್ಟುಡಿಯೋದಿಂದ ಮೆಸೇಜು ಬಂತು. ನಾಯಕಿಗೆ ಬೇರೆ ದನಿ ಸಿಕ್ಕಿದೆ, ಲಾವಣ್ಯಾ ಆರೋಗ್ಯ ನೋಡಿಕೊಳ್ಳಲಿ ಎಂದಿತ್ತು. ಓದಿ ಅವಳು ಅವನತ್ತ ತಿರುಗಿ ಬಾಯಿ ತೆರೆದಳು. ತುಟಿ ಆಡಿತು, ಕೊರಳ ನರ ಉಬ್ಬಿತು. ದನಿ ಬರಲಿಲ್ಲ. ಪಿಸುಮಾತೂ ಇಲ್ಲ. ಮುಖ ಮುಚ್ಚಿಕೊಂಡು ಅಳತೊಡಗಿದಳು. ಭುಜ ಕುಲುಕುತ್ತಿದ್ದವು. ಸದ್ದಿಲ್ಲ.

ಸದ್ದು ನಡುಮನೆಯಿಂದ ಬಂತು.

ಬಿಕ್ಕು. ಅವಳದೇ ಬಿಕ್ಕು. ಶ್ರೀಶೈಲ ಓಡಿದ. ಗಿಟಾರ್ ಗೋಡೆಗೆ ಒರಗಿತ್ತು. ಆಂಪಿನ ಸ್ವಿಚ್ಚು ಆಫ್. ಕೆಂಪು ದೀಪ ಆರಿತ್ತು. ಪ್ಲಗ್ಗು ಕಿತ್ತ. ಬಿಕ್ಕು ನಿಲ್ಲಲಿಲ್ಲ. ಕಾಗದದ ಕೋನ್ ಎದೆಯ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ದಿಂಬು ಒತ್ತಿದ. ದಿಂಬಿನೊಳಗೂ ಬಿಕ್ಕು. ಹಿಂದೆ ಬಾಗಿಲಲ್ಲಿ ಲಾವಣ್ಯಾ ನಿಂತಿದ್ದಳು. ತನ್ನ ಅಳುವನ್ನು ತಾನೇ ಕೇಳುತ್ತ. ಹೆದರಿ ಅವಳು ಉಸಿರು ಹಿಡಿದಳು. ಸ್ಪೀಕರೂ ಉಸಿರು ಹಿಡಿಯಿತು.

ಅವನು ತಿರುಪು ಬಿಚ್ಚಿ ಸ್ಪೀಕರ್ ಹೊರತೆಗೆದ. ಪರಪ್ಪನ ಅಂಗಡಿಯ ಕತೆಯನ್ನು ಅವಳಿಗೆ ಹರಕುಮುರುಕಾಗಿ ಹೇಳಿದ. ಸ್ಪೀಕರ್ ತಂದ ಬಗೆ, ಪರಪ್ಪ ಕೊಟ್ಟ ಎಚ್ಚರಿಕೆ, ತಾನು ನಕ್ಕಿದ್ದು, ಎಲ್ಲ ಹೇಳಿದ. ಗುರುವಾರದ್ದನ್ನು ಮಾತ್ರ ಹೇಳಲಿಲ್ಲ.

ಪರೇಲಿನಲ್ಲಿ ಅಂಗಡಿ ಅರ್ಧ ಮುಚ್ಚಿತ್ತು. ಬ್ಯಾಗು ನೋಡಿದ್ದೇ ಪರಪ್ಪ ಶಟರ್ ಪೂರಾ ಎಳೆದ. ಒಳಗೆ ಕತ್ತಲೆ, ಬೆಸುಗೆಯ ಹೊಗೆ, ಒಂದು ಚಿಮಣಿ ದೀಪ.

"ಯಾರದು ಹೋತು?"

"ನನ್ನ ಹೆಂಡ್ತೀದು."

ಪರಪ್ಪ ಬ್ಲೇಡು ತೆಗೆದು ದೀಪದ ಪಕ್ಕ ಇಟ್ಟ. "ಎರಡು ಹಾದಿ ಅದಾವ್ರಿ. ಒಂದು, ಇದರ ನಡುವಿನ ಗುಬಟು, ಈ ಉಬ್ಬಿದ ಮುಚ್ಚಳಾ, ಸೀಳಿ ಆ ಕೂದಲಾ ಕತ್ತರಸೂದು. ದನಿ ಬಿಡುಗಡೆ ಆಗಿ ಆಕಿ ಕಡೆ ಹೋಗತೈತಿ. ಆದರ ಒಂದು ಮಾತು ಖರೇ ಹೇಳಬೇಕು. ಇದರಾಗ ಆಕಿ ದನಿ ಐತಿ ಅಂತ ನಿಮಗ ಗೊತ್ತಾದ ಮ್ಯಾಲೂ ಬಾರಿಸಿರೇನು?"

"ಬಾರಿಸಿದ್ರ?"

"ಗೊತ್ತಿದ್ದು ಬಾರಿಸಿದರ ನೀವ ಆಕೀನ ಇದಕ್ಕ ಕೈಯಾರೆ ಕೊಟ್ಟಂಗ. ಆಗ ಕತ್ತರಿಸಿದರ ದನಿ ದಿಕ್ಕು ತಪ್ಪಿ ಹೋಗಿಬಿಡತೈತಿ, ಮತ್ತ ಸಿಗಂಗಿಲ್ಲ. ಹಂಗಿದ್ರ ಇನ್ನೊಂದು ಹಾದಿ. ನೀವು ಇದರ ಮುಂದ ಕುಂತು ಹಾಡ್ರಿ. ನಿಮ್ಮ ದನಿ ಒಳಗ ಹೋಗತೈತಿ, ಆಕಿದು ಹೊರಗ ಬರತೈತಿ. ನೀವು ಕಾಯಂ ಮೂಕ."

ದೀಪದ ಬತ್ತಿ ಚಟಚಟ ಎಂದಿತು. ಶ್ರೀಶೈಲನಿಗೆ ಬ್ಯಾಂಕಿನ ಕೌಂಟರ್ ಕಣ್ಣ ಮುಂದೆ ಬಂತು. ಬಾಯಿ ತೆರೆದರೆ ಸದ್ದಿಲ್ಲದ ತನ್ನ ಮುಖ ಕಂಡಿತು. ಎದುರಿಗೆ ಪರಪ್ಪನ ಕಣ್ಣು. ತಾನು ಮೂರು ದಿನ ಮಾಡಿದ್ದನ್ನು ಆ ಕಣ್ಣಿನೆದುರು ಮಾತಿನಲ್ಲಿ ಆಡಬೇಕು. ಇಷ್ಟಕ್ಕೂ ಗೊತ್ತಿತ್ತು ಎಂದರೇನು? ನಗು ಭ್ರಮೆಯೂ ಆಗಿರಬಹುದಲ್ಲ?

"ಇಲ್ರಿ," ಎಂದ. "ಇವತ್ತ ಬೆಳಿಗ್ಗೆನ ಗೊತ್ತಾತು. ಗೊತ್ತಾದ ಮ್ಯಾಲೆ ಮುಟ್ಟಿಲ್ಲ."

ಪರಪ್ಪ ಅವನನ್ನು ನಂಬಿದ.

ದನಿ ಹೋಗಲು ದಾರಿಯಾಗಲೆಂದು ಲಾವಣ್ಯಾಳಿಗೆ ಫೋನ್ ಹಚ್ಚಿ, ಕಿವಿಗೆ ಹಿಡಿದುಕೊಂಡಿರಲು ಹೇಳಿ, ಫೋನನ್ನು ಸ್ಪೀಕರಿನ ಪಕ್ಕ ಇಟ್ಟರು. ಬ್ಲೇಡು ಗುಬಟನ್ನು ಸೀಳಿತು. ಒಳಗೆ ತಾಮ್ರದ ಸುರುಳಿ. ಅದರ ನಡುನಡುವೆ ಕಪ್ಪು ಕೂದಲು. ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಅಲುಗುತ್ತಿತ್ತು. ಪರಪ್ಪ ಕಣ್ಣು ಮುಚ್ಚಿ ಏನೋ ಗೊಣಗಿದ. ಎಳೆದ. ಕತ್ತರಿಸಿದ.

ದನಿ ಎದ್ದಿತು. ತಂತಿಯಿಲ್ಲ, ಕರೆಂಟಿಲ್ಲ. ಆದರೂ ಎದ್ದಿತು. ಲಾವಣ್ಯಾಳ ನಗು, ಜೋಗುಳ, ಬೈಗುಳ. ನಾಯಕಿಯರ ಅಳು. ತರಕಾರಿಯವನ ಜೊತೆ ಚೌಕಾಸಿ. ಎಲ್ಲ ಒಂದೇ ಉಸಿರಿನಲ್ಲಿ. ದೀಪ ಆರಿತು. ದನಿ ಗೋಡೆಗೆ ಬಡಿಯಿತು. ಫೋನಿನ ಹತ್ತಿರ ಬಂತು. ತಡಕಾಡಿತು. "ಶ್ರೀ... ಎಲ್ಲಿ... ಶ್ರೀ..." ಅವನ ಕಿವಿಯ ಪಕ್ಕವೇ ಸುಳಿಯಿತು. ಕೆನ್ನೆಗೆ ಬಿಸಿ ಗಾಳಿ ತಾಕಿತು. ಆಮೇಲೆ ಶಟರಿನ ಕೆಳಗಿನ ಸಂದಿಯಿಂದ ಹೊರಗೆ ನುಸುಳಿತು. ಬೀದಿಯಲ್ಲಿ ಬಸ್ಸಿನ ಹಾರ್ನು. ಜನರ ಗದ್ದಲ. ಆ ಗದ್ದಲದಲ್ಲಿ ಅದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಕೇಳದಾಯಿತು.

"ಲಾವಣ್ಯಾ? ಮಾತಾಡು! ಏನರ ಮಾತಾಡು!"

ಫೋನಿನಲ್ಲಿ ಬರೀ ಉಸಿರು. ಮತ್ತೆ ಉಸಿರು.

ಕತ್ತಲೆಯಲ್ಲಿ ಪರಪ್ಪನ ಕಡೆಯಿಂದ ಬೆಂಕಿಕಡ್ಡಿ ಗೀರಿದ ಸದ್ದು ಬಂತು. ಕಡ್ಡಿ ಹೊತ್ತಿತು. ಆ ಬೆಳಕಿನಲ್ಲಿ ಪರಪ್ಪ ಅವನ ಮುಖವನ್ನು ನೋಡಿದ. ಕಡ್ಡಿ ಉರಿದು ಬೆರಳಿಗೆ ಬರುವತನಕ ನೋಡಿದ.

"ಎಷ್ಟು ದಿನ ಬಾರಿಸಿದ್ರಿ?"

ಶ್ರೀಶೈಲ ಕತ್ತಲೆಯಲ್ಲಿ ಬ್ಯಾಗಿಗಾಗಿ ತಡಕಾಡಿದ.

"ಹೋಗ್ರಿ," ಎಂದ ಪರಪ್ಪ, ಶಟರ್ ಎತ್ತುತ್ತ. "ನಾನೂ ನಿಮ್ಮ ಮಾತ ಕೇಳಿ ಬ್ಲೇಡ್ ಹಿಡದೆ. ನನ್ನ ಕೈಲೇ ಹೋತು."

ಮನೆಗೆ ಬಂದಾಗ ಲಾವಣ್ಯಾ ನಡುಮನೆಯಲ್ಲೇ ಕಾಯುತ್ತಿದ್ದಳು. ಅವನ ಮುಖ ನೋಡಿದ್ದೇ ದನಿ ಇನ್ನು ಮರಳುವುದಿಲ್ಲವೆಂದು ಅವಳಿಗೆ ತಿಳಿಯಿತು. ಅಳಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ ನೀರು ತಂದುಕೊಟ್ಟಳು. ಕಾಲ ಬಳಿ ಕೂತು, ಅವನ ಮೊಣಕಾಲಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಬಹಳ ಹೊತ್ತು ಬರೆದಳು. ಅಳಿಸಿದಳು. ಮತ್ತೆ ಬರೆದು ಅವನ ಮುಂದೆ ಹಿಡಿದಳು.

'ನಿಂದೇನು ತಪ್ಪದ? ಮೊದಲ ದಿನ ನಾನ ಬಂದು ದನಿ ಕೂಡಿಸಿದೆ. ಇಷ್ಟೆಲ್ಲ ಆಗ್ತದ ಅಂತ ನಿನಗರ ಏನು ಗೊತ್ತಿತ್ತು?'

ಅವಳು ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ಅವನ ಮೇಲಿನ ಮರುಕವೇ ಇತ್ತು. ಶ್ರೀಶೈಲನ ಗಂಟಲವರೆಗೆ ನಿಜ ಬಂತು, ನಾಲಿಗೆಯ ಮೇಲೆ ಕೂತಿತು.

"ಇಲ್ಲ," ಎಂದ. "ನನಗೇನೂ ಗೊತ್ತಿರಲಿಲ್ಲ."

ಅವನ ದನಿ ಸ್ಪಷ್ಟವಾಗಿತ್ತು. ಎಲ್ಲೂ ಒಡೆಯಲಿಲ್ಲ. ಇಡೀ ನಡುಮನೆಗೆ ಕೇಳಿಸಿತು.