ಎಲ್ಲರಿಗೂ ಹೋದ ಮೆಸೇಜು

ಆ್ಯಪ್ ಮಾಡಿಸೋಣ ಎಂದು ಅಪ್ಪನ ತಲೆ ತಿಂದವಳು ನಾನೇ. ಹಾಗಿರುವಾಗ ಈಗ ಯಾರನ್ನು ಬೈಯಲಿ? ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರಬೇಕು. ಆದರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ.

ನಮ್ಮದು ದಾರ, ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವ ಅಂಗಡಿ. ಸುತ್ತಮುತ್ತಲಿನ ಟೈಲರ್‌ಗಳೇ ನಮ್ಮ ಗಿರಾಕಿಗಳು. ಅವರು ಒಬ್ಬೊಬ್ಬರಾಗಿ “ಫೋನಲ್ಲೇ ತರಿಸ್ಕೋತೀವಿ ಬಿಡಿ” ಎಂದು ಜಾರಿಕೊಳ್ಳತೊಡಗಿದಾಗ ಅಪ್ಪನ ಮುಖ ಬಾಡಿಹೋಯಿತು.

“ಗಿರಾಕಿ ಅಂದ್ರೆ ಮೆಟ್ಟಿಲು ಹತ್ತಿ ಬರಬೇಕಮ್ಮ,” ಎಂದರು.

“ಅಪ್ಪಾ, ಅವರು ಎದ್ದಾಗಿಂದ ನೋಡೋದು ಫೋನನ್ನೇ. ದೊಡ್ಡ ಅಂಗಡಿಯೋರು ಆ್ಯಪಿಗೆ ಸುಮ್ಮನೆ ದುಡ್ಡು ಸುರೀತಿದಾರಾ? ಯಾರು ಏನು ತಗೊಂಡ್ರು, ಯಾರು ಬರೋದು ಬಿಟ್ರು, ಎಲ್ಲಾ ಅದ್ರಲ್ಲಿ ಗೊತ್ತಾಗುತ್ತೆ. ಬರದೇ ಇದ್ದೋರನ್ನ ನಾವೇ ಮೆಸೇಜ್ ಕಳಿಸಿ ಕರೀಬಹುದು.”

“ಕರೆದ್ರೆ ಬರ್ತಾರಾ?”

“ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಬರ್ತಾರೆ ಬಿಡಿ!”

ಅಪ್ಪ ಒಪ್ಪಿದರು. ಆಮೇಲೆ ಬಂದವರೆಷ್ಟು, ಬರಲೇಬೇಕಾಗಿದ್ದವನು ಏನು ಮಾಡಿದ ಎಂಬುದೇ ನನ್ನ ಗೋಳು.

ಹಿಂದಿನ ಬೀದಿಯಲ್ಲಿ ಒಬ್ಬ ಕೋಟು ಹೊಲಿಯುವ ಮಾಸ್ಟರ್ ಇದ್ದಾನೆ. ಎತ್ತರದ ಆಳು, ಮೆಲುಮಾತು. ಬಟ್ಟೆ ಹೊಲಿಯುವ ಮೊದಲು ತನ್ನ ಬಾಯನ್ನೇ ಹೊಲಿದುಕೊಂಡವನ ಹಾಗೆ ಇರುತ್ತಾನೆ. ದಾರ ಹೊಂದಿಸಲು ಅವನು ಕೋಟಿನ ತುಂಡು ಬಟ್ಟೆ ತರುತ್ತಿದ್ದ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲವಲ್ಲ, ಅದಕ್ಕೇ ನಾನು ದಾರದುಂಡೆ ಹಿಡಿದು ಅವನ ಜೊತೆ ಮೆಟ್ಟಿಲ ಮೇಲೆ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದೆ. ಇಬ್ಬರೂ ತಲೆ ಬಗ್ಗಿಸಿ ಬಣ್ಣ ಹೊಂದಿಸುತ್ತಿದ್ದೆವು.

“ಇದು ಸ್ವಲ್ಪ ಗಾಢ ಆಯ್ತಲ್ವಾ?” ಎನ್ನುತ್ತಿದ್ದ. ನೋಡುತ್ತಿದ್ದದ್ದು ಮಾತ್ರ ನನ್ನ ರೆಪ್ಪೆಗಳನ್ನು. ನಾನು ತಲೆಯೆತ್ತಿದರೆ ಸರಕ್ಕನೆ ಕಣ್ಣು ಬಟ್ಟೆಗೆ ಇಳಿಯುತ್ತಿತ್ತು, ಕಿವಿ ಕೆಂಪಗಾಗುತ್ತಿತ್ತು.

“ಎಲ್ಲಿ ಗಾಢ? ಸರಿಯಾಗಿ ನೋಡಿ ಮಾಸ್ಟರ್ರೇ.”

“ನೋಡ್ತಾನೇ ಇದೀನಿ.”

ಕಪ್ಪು ದಾರ ಬೇಕಾದಾಗಲೂ ಬಿಸಿಲಿಗೆ ಬರುತ್ತಿದ್ದೆವು. ಕಪ್ಪಿಗೆ ಕಪ್ಪು ಹೊಂದಿಸಲು ಅಷ್ಟು ಹೊತ್ತು ಬೇಕೇ ಎಂದು ಕೇಳಬೇಡಿ. ನಮಗೆ ಬೇಕಾಗುತ್ತಿತ್ತು.

ಆ್ಯಪ್ ಶುರುವಾದ ದಿನ ಬಂದ ಪ್ರತಿಯೊಬ್ಬರ ಫೋನನ್ನೂ ಕಸಿದುಕೊಂಡು ನಾನೇ ಅದನ್ನು ಹಾಕಿಕೊಟ್ಟೆ. ಎಲ್ಲರಿಗೂ ಒಂದೇ ಭಾಷಣ, ಗಿಣಿಪಾಠ ಒಪ್ಪಿಸಿದ ಹಾಗೆ. ಅವನಿಗೂ ಅದನ್ನೇ ಒಪ್ಪಿಸಿದೆ.

“ಇನ್ಮೇಲೆ ನೀವು ಇಲ್ಲಿತನಕ ಬರೋ ತಾಪತ್ರಯವೇ ಇಲ್ಲ. ಕೂತಲ್ಲೇ ಒತ್ತಿ, ಬಾಗಿಲಿಗೇ ಬರುತ್ತೆ!”

“ನಾನು ಬರೋದೇ ಬೇಡ್ವಾ?”

“ಬೇಡವೇ ಬೇಡ!”

ಅವನು ಫೋನನ್ನು ಜೇಬಿಗಿಟ್ಟು “ಸರಿ” ಎಂದು ಹೋದ. ಮತ್ತೆ ಬರಲಿಲ್ಲ. ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಬೀಳ!

ಮರುದಿನದಿಂದ ಅವನ ಆರ್ಡರ್ ಆ್ಯಪಿನಲ್ಲಿ ಬರತೊಡಗಿತು. ಕಡುನೀಲಿ ದಾರ. ಕೋಟಿನ ಗುಂಡಿ. ಬೂದು ಲೈನಿಂಗ್. ತಲುಪಿದ ಕೂಡಲೇ ಐದು ಸ್ಟಾರ್. ಬೇಕೆಂದೇ ಒಮ್ಮೆ ತಪ್ಪು ಬಣ್ಣದ ದಾರ ಕಳಿಸಿದೆ. ಜಗಳಕ್ಕಾದರೂ ಬರಲಿ ಎಂದು ಬೆಳಗಿನಿಂದ ಕಾದೆ. ಅದಕ್ಕೂ ಐದು ಸ್ಟಾರ್! ಮೈಯೆಲ್ಲ ಉರಿದುಹೋಯಿತು. ಇಂಥ ಸಜ್ಜನನ ಜೊತೆ ಬಾಳುವುದಾದರೂ ಹೇಗೆ ಎಂದುಕೊಂಡೆ. ಬಾಳುವ ಮಾತೇ ಇನ್ನೂ ಎತ್ತಿರಲಿಲ್ಲ, ಆ ವಿಷಯ ಬೇರೆ.

ಆ್ಯಪ್ ಕಂಪನಿಯ ಹುಡುಗಿ ಫೋನ್ ಮಾಡಿದಳು. “ಬರದೇ ಇರೋ ಗಿರಾಕಿಗಳಿಗೆ ಒಂದು ಮೆಸೇಜ್ ಬರೀರಿ ಮೇಡಂ. ಪ್ರೀತಿಯಿಂದ, ಒಬ್ಬರಿಗೇ ಬರೆದ ಹಾಗಿರಲಿ.”

“ಒಬ್ಬರಿಗೇ ಕಳಿಸ್ಬಹುದಾ?”

“ನಿಮ್ಮ ಪ್ಲ್ಯಾನಲ್ಲಿ ಅದು ಬರಲ್ಲ ಮೇಡಂ. ಎಲ್ಲರಿಗೂ ಹೋಗುತ್ತೆ.”

ಅವನಿಗೇ ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಾ? ಏನಂತ ಮಾಡಲಿ? ದಾರ ಬೇಕಾ ಎಂದೇ? ನನಗೂ ಮಾನ ಮರ್ಯಾದೆ ಇದೆ. ಹೋದರೆ ಎಲ್ಲರಿಗೂ ಹೋಗಲಿ, ಅರ್ಥವಾಗಬೇಕಾದವನಿಗೆ ಆದೀತು ಎಂದು ಬರೆದೆ: ‘ನೀವಿಲ್ಲದೆ ನಮ್ಮ ಮೆಟ್ಟಿಲು ಬಿಕೋ ಎನ್ನುತ್ತಿದೆ. ಒಮ್ಮೆ ಬಂದು ಹೋಗಬಾರದೇ?’

ಮಾರನೆಯ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ತುಂಬ ಜನ. ಹೊಲಿಗೆ ಶಾಲೆಯ ಟೀಚರ್ ತಮ್ಮ ಹುಡುಗಿಯರನ್ನೆಲ್ಲ ಕರೆತಂದಿದ್ದರು. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ ಮುದುಕ ಟೈಲರ್ ಒಬ್ಬರು ನನ್ನ ಕೈ ಹಿಡಿದುಕೊಂಡು, “ನನ್ನನ್ನೂ ನೆನೆಸ್ಕೊಳ್ಳೋರಿದಾರಲ್ಲಮ್ಮ” ಎಂದು ಕಣ್ಣೊರೆಸಿಕೊಂಡರು. ಪಾಪ, ಅವರಿಗೆ ಕುರ್ಚಿ ಹಾಕಿ ಕೂರಿಸಿದೆ. ಅಪ್ಪನಿಗಂತೂ ಸ್ವರ್ಗಕ್ಕೆ ಮೂರೇ ಗೇಣು.

“ಭೇಷ್ ಕಣೇ! ಅದೇನು ಬರೆದ್ಯೋ, ಊರೇ ಬಂದಿದೆ!”

ಊರು ಬಂದು ನಾನೇನು ಮಾಡಲಿ? ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ಅವನ ಸುಳಿವೇ ಇಲ್ಲ.

ಎರಡು ದಿನ ಬಿಟ್ಟು ಅವನ ಆರ್ಡರ್ ಬಂತು. ದಾರ, ಗುಂಡಿ, ಕಾಲರ್ ಕ್ಯಾನ್ವಾಸ್. ಎಲ್ಲ ಕಟ್ಟಿಟ್ಟು ವಿಳಾಸ ಓದಿದೆ. ಹಿಂದಿನ ಬೀದಿಯದಲ್ಲ. ಯಾವುದೋ ದೂರದ ಊರಿನದು.

“ನೋಡ್ದ್ಯಾ, ಪರವೂರಿಂದಾನೂ ಆರ್ಡರ್!” ಎಂದು ಅಪ್ಪ ಹಿಗ್ಗಿದರು.

ನಾನು ವಿಳಾಸವನ್ನು ಮತ್ತೊಮ್ಮೆ ಓದಿದೆ. ಎಲ್ಲಿದ್ದರೂ ತಲುಪಿಸುತ್ತೇವೆ ಎಂದು ಆ್ಯಪಿನಲ್ಲಿ ದೊಡ್ಡದಾಗಿ ಬರೆಸಿದವಳು ನಾನು. ಅದನ್ನೇ ನಂಬಿ ಅವನು ಊರು ಬಿಡುತ್ತಿದ್ದ. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ.

“ಅಪ್ಪಾ, ಇದನ್ನ ಕೊಟ್ಟು ಬರ್ತೀನಿ.”

“ಅಷ್ಟು ದೂರಾನಾ?”

“ಇಲ್ಲೇ ಹಿಂದಿನ ಬೀದಿಗೆ.” ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿಳಿದಿದ್ದೆ.

ಅವನ ಅಂಗಡಿ ಅರ್ಧ ಖಾಲಿಯಾಗಿತ್ತು. ಹೊಲಿಗೆ ಮೆಷಿನ್ನಿಗೆ ಗೋಣಿ ಸುತ್ತಿ ಹಗ್ಗ ಬಿಗಿದಿದ್ದ. ಕತ್ತರಿಗಳನ್ನು ಹಳೆ ಬಟ್ಟೆಯಲ್ಲಿ ಸುತ್ತುತ್ತಿದ್ದವನು ನನ್ನನ್ನು ನೋಡಿ ಎದ್ದು ನಿಂತ.

“ಡೆಲಿವರಿ,” ಎಂದು ಗಂಟನ್ನು ಮೇಜಿನ ಮೇಲೆ ಕುಕ್ಕಿದೆ.

“ಆ ವಿಳಾಸಕ್ಕೆ ಹಾಕಿದ್ನಲ್ಲ… ಅಕ್ಕನ ಊರು. ಅವಳ ಹೊಲಿಗೆ ಅಂಗಡೀಲಿ ಕೆಲಸ ಜಾಸ್ತಿ. ವರ್ಷದಿಂದ ಬಾ ಬಾ ಅಂತಿದ್ಲು.”

“ವರ್ಷದಿಂದ ಹೋಗದೋರು ಈಗ್ಯಾಕೆ ಹೊರಟ್ರಿ?”

“ಇಲ್ಲಿ ಇನ್ನೇನಿದೆ? ಬರೋದೇ ಬೇಡ ಅಂದ್ರಲ್ಲ ನೀವು.”

“ಅದು ನಾನು ಎಲ್ಲರಿಗೂ ಹೇಳಿದ್ದು ಕಣ್ರೀ!”

“ನನಗೂ ಹೇಳಿದ್ರಿ.” ಅವನ ದನಿ ಮೊದಲ ಸಲ ಸ್ವಲ್ಪ ಏರಿತು. “ಆಮೇಲೆ ಬನ್ನಿ ಅಂತ ಮೆಸೇಜು. ಓದಿ ಓಡಿ ಬಂದೆ. ತಲೆ ಕೂಡ ಬಾಚಿರಲಿಲ್ಲ. ನೋಡಿದ್ರೆ ಮೆಟ್ಟಿಲ ಮೇಲೆ ಕಾಲಿಡೋಕೆ ಜಾಗ ಇಲ್ಲ. ಎಲ್ಲರ ಫೋನಲ್ಲೂ ಅದೇ ಮೆಸೇಜು. ಯಾರೋ ತಾತನ ಕೈ ಹಿಡ್ಕೊಂಡು ನಿಂತಿದ್ರಿ. ನನ್ನ ಹುಚ್ಚಿಗೆ ನಾನೇ ನಾಚಿ ಜನರ ಹಿಂದಿನಿಂದಲೇ ವಾಪಸ್ ಬಂದೆ.”

ಬಂದಿದ್ದನಂತೆ!

“ಎಲ್ಲರಿಗೂ ಹೇಳಿದ್ದನ್ನ ನಿಮಗೊಬ್ಬರಿಗೇ ಅಂದ್ಕೊಂಡ್ರಿ. ನಿಮಗೊಬ್ಬರಿಗೇ ಬರೆದದ್ದನ್ನ ಎಲ್ಲರಿಗೂ ಅಂದ್ಕೊಂಡ್ರಿ. ದೇವರೇ, ಇಂಥೋರನ್ನೇ ಯಾಕಪ್ಪಾ ನನಗೆ ಇಷ್ಟ ಆಗೋ ಹಾಗೆ ಮಾಡ್ದೆ!”

ಅವನ ಕೈಯಿಂದ ಕತ್ತರಿ ಮೇಜಿನ ಮೇಲೆ ಬಿತ್ತು. ಈ ಸಲ ಕಣ್ಣು ಬಟ್ಟೆಗೆ ಇಳಿಯಲಿಲ್ಲ. ನನ್ನನ್ನೇ ನೋಡುತ್ತ ನಿಂತ. ನಾನೇ ತಲೆ ತಗ್ಗಿಸಬೇಕಾಯಿತು.

“ಮತ್ತೆ ಹೇಳಿ,” ಎಂದ.

“ಹೇಳಲ್ಲ. ಹೋಗ್ಬೇಡಿ, ಅಷ್ಟೇ.”

ಅವನು ಫೋನ್ ತೆಗೆದು ಅಕ್ಕನಿಗೆ ಹಚ್ಚಿದ. “ಅಕ್ಕಾ, ನಾನು ಬರೋಕಾಗಲ್ಲ…” ಎನ್ನುವಷ್ಟರಲ್ಲೇ ಆ ಕಡೆಯಿಂದ ಕೂಗಾಟ ನನಗೂ ಕೇಳಿಸಿತು.

“ಕೋಣೆ ಖಾಲಿ ಮಾಡಿಸಿದೀನಿ, ನೆರೆಹೊರೆಯೋರಿಗೆಲ್ಲ ತಮ್ಮ ಬರ್ತಾನೆ ಅಂತ ಹೇಳಿದೀನಿ! ಯಾಕೋ ಬರಲ್ಲ? ಕಾರಣ ಹೇಳು!”

“ಅದು… ಅಕ್ಕಾ… ಏನಪ್ಪಾ ಅಂದ್ರೆ…”

ಬೆವರುತ್ತ ನನ್ನ ಮುಖ ನೋಡಿದ. ಇವನು ಹೇಳಿ ಮುಗಿಸುವಷ್ಟರಲ್ಲಿ ನಮ್ಮಿಬ್ಬರ ತಲೆಯೂ ನೆರೆಯುತ್ತದೆ ಎನಿಸಿತು. ಫೋನ್ ಕಿತ್ತುಕೊಂಡೆ.

“ನಮಸ್ಕಾರ ಅಕ್ಕ. ಕಾರಣ ಮಾತಾಡ್ತಿದೀನಿ.”

ಆ ಕಡೆ ಕೂಗಾಟ ನಿಂತಿತು.

“ದಾರದ ಅಂಗಡಿಯೋಳಾ?”

“ಹೂಂ.”

“ಅವನೋ ಹುಟ್ಟಾ ಮೂಗ. ನಿನಗೆ ಬಾಯಿ ಇದೆಯಲ್ಲ ತಾಯಿ, ಇಷ್ಟು ದಿನ ಏನ್ ಮಾಡ್ತಿದ್ದೆ?”

“ಆ್ಯಪ್ ಮಾಡಿಸ್ತಿದ್ದೆ, ಅಕ್ಕ,” ಎಂದೆ. ಅಷ್ಟಕ್ಕೇ ಅಳು ನುಗ್ಗಿ ಬಂತು. ಫೋನ್ ಹಿಡಿದಿದ್ದ ನನ್ನ ಕೈಯನ್ನು ಅವನು ಎರಡೂ ಕೈಯಿಂದ ಹಿಡಿದುಕೊಂಡ. ಅಕ್ಕ ಇನ್ನೂ ಇಬ್ಬರನ್ನೂ ಸೇರಿಸಿ ಬೈಯುತ್ತಲೇ ಇದ್ದರು.